ಭಟ್ಟರ ಪಾಲಿನ ಬಂಗುಡೆ

ಕಳೆದ ಭಾನುವಾರ ಸಂಜೆ ಕಾಪುವಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನಿಮ್ಮಲ್ಲಿ ಯಾರಾದರೂ ಇದ್ದಿರಾ? ಇದ್ದರೆ ನನ್ನನ್ನು ಖಂಡಿತ ನೋಡಿರುತ್ತೀರಿ. ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಬಿಳಿ ಪಂಚೆ, ಬಿಳಿ ಜುಬ್ಬ, ಹಣೆಯಲ್ಲಿ ಬೆಳಗ್ಗಿನ ಗೋಪಿಚಂದನ. ಬಲಗೈಯಲ್ಲಿ ಬಸ್ಸಿನ ಸರಳು. ಎಡಗೈಯಲ್ಲಿ ತೆಂಗಿನ ಗರಿಯ ಸೀಳಿಗೆ ಪೋಣಿಸಿದ ಆರು ಬಂಗುಡೆ.

ಹೌದು, ಬಂಗುಡೆ. ಮೀನು. ನೀವು ಓದಿದ್ದು ಸರಿಯಾಗಿಯೇ ಉಂಟು.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನನ್ನ ಜಾತಕ ಗೊತ್ತು. ಉಡುಪಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಮಣಿಪಾಲದಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಏಕಾದಶಿಗೆ ನೀರೂ ಮುಟ್ಟದ ಅಮ್ಮ. ಈರುಳ್ಳಿ ತಂದರೇ ಅದಕ್ಕೆ ಹಿತ್ತಿಲಿನಲ್ಲಿ ಬೇರೆ ಜಾಗ. ಅಂಥ ಮನೆಯ ವಾಸುದೇವ ಭಟ್ಟ ಬಂಗುಡೆ ಹಿಡಿದುಕೊಂಡು, ಅದನ್ನು ಕಾಗದದಲ್ಲಿ ಸುತ್ತದೆ, ಚೀಲದೊಳಗೆ ಅಡಗಿಸದೆ, ಇಡೀ ಬಸ್ಸಿಗೆ ಕಾಣುವ ಹಾಗೆ ನಿಂತದ್ದು ಯಾಕೆ? ಹೇಳುತ್ತೇನೆ. ಆದರೆ ಅದಕ್ಕೆ ಒಂದು ದಿನ ಹಿಂದೆ, ಕಾರ್ಕಳಕ್ಕೆ ಹೋಗಬೇಕು.

ಶನಿವಾರ ಕಾರ್ಕಳದ ಓದುಗರ ಕೂಟವೊಂದರಲ್ಲಿ ನನ್ನ ಭಾಷಣ ಇತ್ತು. ವಿಷಯ 'ಹೆಮ್ಮೆ ಎಂಬ ಮಾತು'. (ವಿಷಯ ಅವರು ಕೊಟ್ಟದ್ದಲ್ಲ, ನಾನೇ ಆರಿಸಿಕೊಂಡದ್ದು. ಮೇಷ್ಟ್ರುಗಳಿಗೆ ತಮಗೆ ಗೊತ್ತಿರುವ ವಿಷಯ ಆರಿಸಿಕೊಳ್ಳುವ ಬುದ್ಧಿ ಹುಟ್ಟಿನಿಂದಲೇ ಬಂದಿರುತ್ತದೆ.) ಎರಡು ವಾರ ನಿಘಂಟು ತಿರುವಿ ಹಾಕಿ ತಯಾರಿ ಮಾಡಿದ್ದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಮಾತಾಡಿದೆ.

ಹೆಮ್ಮೆ ಎಲ್ಲಿಂದ ಬಂತು? ಹಳೆಗನ್ನಡದ 'ಪೆರ್ಮೆ'ಯಿಂದ. 'ಪೆರ್' ಅಂದರೆ ದೊಡ್ಡದು. ಹೆದ್ದಾರಿ, ಹೆಮ್ಮರ, ಹೆಬ್ಬಾವು, ಎಲ್ಲ ಅದೇ ಮನೆತನದವರು. ಅಂದರೆ ಹೆಮ್ಮೆ ಎಂದರೆ ದೊಡ್ಡತನ, ಅಷ್ಟೇ. ನಮ್ಮ ತುಳುವಿನಲ್ಲಿ ಇವತ್ತಿಗೂ 'ಪೆರ್ಮೆ' ಎಂದೇ ಅನ್ನುತ್ತೇವೆ. ಘಟ್ಟದ ಮೇಲಿನವರು ಸಾವಿರ ವರ್ಷದಲ್ಲಿ ಸವೆಸಿ ನುಣ್ಣಗೆ ಮಾಡಿದ ಮಾತನ್ನು ನಾವು ಇದ್ದ ಹಾಗೆಯೇ ಇಟ್ಟುಕೊಂಡಿದ್ದೇವೆ. ಇದನ್ನು ಹೇಳಿದಾಗ ಸಭೆಯಲ್ಲಿ ಒಳ್ಳೆಯ ಚಪ್ಪಾಳೆ ಬಂತು.

ಸೊಕ್ಕು? ಅದು ಹಿಂದೆ 'ಸೊರ್ಕು'. ಅಮಲು ಎಂದು ಅರ್ಥ. ಕುಡಿದವನಿಗೆ ಏರುವಂಥದ್ದು. ಸಂಸ್ಕೃತದ ಮದಕ್ಕೂ ಅದೇ ಅರ್ಥ, ಆನೆಗೆ ಏರಿದರೂ ಮದ, ಮಂತ್ರಿಗೆ ಏರಿದರೂ ಮದ. ಕೊಬ್ಬಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ, ಮೈಯಲ್ಲಿ ಹೆಚ್ಚಾದದ್ದು ಮಾತಿಗೂ ಇಳಿಯುತ್ತದೆ. ಅಹಂಕಾರವೋ, 'ನಾನು, ನಾನು' ಅನ್ನುತ್ತಾ ಹೋಗುವ ಕಾಯಿಲೆ. ಜಂಬ ಎಂಬುದು ದಂಭದ ಮಗ. ಬಿಗುಮಾನ ಎಂದರೆ ಕುತ್ತಿಗೆ ತಿರುಗಿಸಲು ಆಗದವನ ಸ್ಥಿತಿ.

ಇನ್ನು ಅಭಿಮಾನ. ಇದರ ಕಥೆ ಚಂದ ಉಂಟು. ಸಂಸ್ಕೃತದಲ್ಲಿ ಅದು ಅಷ್ಟೇನೂ ಒಳ್ಳೆಯ ಹೆಸರು ಪಡೆದ ಮಾತಲ್ಲ, ಗರ್ವದ ಹತ್ತಿರದ ಸಂಬಂಧಿ. ಕನ್ನಡಕ್ಕೆ ಬಂದ ಮೇಲೆ ನಾವು ಅದಕ್ಕೆ ಸ್ನಾನ ಮಾಡಿಸಿ, ತಲೆ ಬಾಚಿ, ಪ್ರೀತಿ ಎಂಬ ಅರ್ಥ ಉಡಿಸಿ ಮನೆಮಗಳ ಹಾಗೆ ಇಟ್ಟುಕೊಂಡೆವು.

ಇಂಗ್ಲಿಷಿನ ಪ್ರೈಡನ್ನೂ ಬಿಡಲಿಲ್ಲ. (ಸಿಂಹಗಳ ಹಿಂಡಿಗೂ ಪ್ರೈಡ್ ಅನ್ನುತ್ತಾರಂತೆ. ಸಿಂಹಗಳಿಗೆ ಗೊತ್ತುಂಟೋ ಇಲ್ಲವೋ.) ಅದರ ಬೇರು ಹುಡುಕುತ್ತಾ ಹೋದರೆ ಹಳೆಯ ಫ್ರೆಂಚಿನಲ್ಲಿ ಧೀರ ಎಂಬರ್ಥದ ಮಾತು ಸಿಗುತ್ತದೆ. ಇನ್ನೂ ಹಿಂದೆ ಲ್ಯಾಟಿನ್ನಿಗೆ ಹೋದರೆ 'ಉಪಯೋಗಕ್ಕೆ ಬರುವಂಥದ್ದು' ಎಂಬ ಮಾತು. ಯೋಚನೆ ಮಾಡಿ. ಇವತ್ತು ಮೂಗು ಮೇಲೆ ಮಾಡಿಕೊಂಡು ತಿರುಗುವ ಪ್ರೈಡು, ಅಷ್ಟು ಹಿಂದೆ ಯಾರದೋ ಉಪಯೋಗಕ್ಕೆ ಬರುತ್ತಿದ್ದ ಪಾಪದ ಮಾತು.

ಇಷ್ಟಾಗಿ ನಾನು ಕುಳಿತುಕೊಂಡೆ. ಪ್ರಶ್ನೆ ಇದ್ದರೆ ಕೇಳಬಹುದು ಎಂದು ಅಧ್ಯಕ್ಷರು ಹೇಳಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಎದ್ದು ನಿಂತರು. ಕನ್ನಡಕ ಮೂಗಿನ ತುದಿಗೆ ತಂದು ನನ್ನನ್ನು ನೋಡಿದರು.

"ತುಂಬಾ ಚೆನ್ನಾಗಿತ್ತು. ನಿಮಗೆ ಯಾವುದರ ಬಗ್ಗೆ ಹೆಮ್ಮೆ ಉಂಟು?" ಅಂದರು.

ಇದೂ ಒಂದು ಪ್ರಶ್ನೆಯಾ? "ನಮ್ಮ ಭಾಷೆಯ ಬಗ್ಗೆ" ಅಂದೆ. "ನಮ್ಮ ಊರಿನ ಬಗ್ಗೆ. ಇದೇ ಕಾರ್ಕಳದಲ್ಲಿ ಬಂಡೆಯ ಮೇಲೆ ನಿಂತಿದ್ದಾನಲ್ಲ ಗೊಮ್ಮಟ, ಅವನ ಬಗ್ಗೆ."

"ಅದೆಲ್ಲ ಬೇರೆಯವರು ಮಾಡಿಟ್ಟದ್ದು. ನೀವು ನಿಮ್ಮ ಕೈಯಾರೆ ಎಂತ ಮಾಡಿದ್ದು?"

ಸಭೆ ನಕ್ಕಿತು. ನಾನೂ ನಕ್ಕೆ. ನಕ್ಕು ಬಿಟ್ಟುಬಿಡುವ ಉಪಾಯ ಸಭೆಯಲ್ಲಿ ನಡೆಯುತ್ತದೆ, ಬಸ್ಸಿನಲ್ಲಿ ನಡೆಯುವುದಿಲ್ಲ. ಕಾರ್ಕಳದಿಂದ ಮಣಿಪಾಲದವರೆಗೂ ಆ ಕನ್ನಡಕ ನನ್ನನ್ನು ನೋಡುತ್ತಲೇ ಇತ್ತು.

ಮರುದಿನ ಭಾನುವಾರ ಕಾಪುವಿಗೆ ಹೋದದ್ದು ಹಸನಬ್ಬನನ್ನು ನೋಡಲು. ಹಸನಬ್ಬ ನನ್ನ ಹೈಸ್ಕೂಲಿನ ಗೆಳೆಯ, ಕಾಪು ಪೇಟೆಯಲ್ಲಿ ಅವನದ್ದು ಬಟ್ಟೆ ಅಂಗಡಿ. ಮನೆಯಲ್ಲಿ ಬ್ಯಾರಿ, ಗಿರಾಕಿಯ ಹತ್ತಿರ ತುಳು, ಇನ್‌ಕಮ್ ಟ್ಯಾಕ್ಸಿನವರ ಹತ್ತಿರ ಕನ್ನಡ. ನನ್ನ ಹತ್ತಿರ ಮೂರೂ. ಮಧ್ಯಾಹ್ನ ಅವನ ಅಂಗಡಿಯಲ್ಲಿ ಸೋಡಾ ಕುಡಿದು ಕಡಲ ಬದಿಗೆ ನಡೆದೆವು.

ದೀಪಸ್ತಂಭದಿಂದ ಸ್ವಲ್ಪ ಆಚೆ ರಂಪಣಿ ಎಳೆಯುತ್ತಿದ್ದರು.

ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ರಂಪಣಿ ಎಂದರೆ ಒಂದು ಬೃಹತ್ ಬಲೆ. ದೋಣಿಯಲ್ಲಿ ಹೋಗಿ ಅದನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗ ದಡಕ್ಕೆ ಬರುತ್ತದೆ. ಎರಡು ಸಾಲಿನಲ್ಲಿ ಜನ ನಿಂತು ಎಳೆಯಬೇಕು. ಗಂಟೆಗಟ್ಟಲೆ. ಒಬ್ಬರಿಬ್ಬರ ಕೆಲಸ ಅಲ್ಲ, ಒಂದು ಊರಿನ ಕೆಲಸ.

ಒಂದು ಊರಿನ ಕೆಲಸಕ್ಕೆ ಆ ದಿನ ಅಲ್ಲಿದ್ದದ್ದು ಅರ್ಧ ಊರೂ ಅಲ್ಲ. ಸಾಲಿನಲ್ಲಿ ಮುದುಕರೇ ಹೆಚ್ಚು, ನಡುವೆ ನಾಲ್ಕೈದು ಹೆಂಗಸರು.

"ಈ ಯಂತ್ರದ ಪರ್ಸಿನ್ ಬೋಟು ಬಂದ ಮೇಲೆ ಹೀಗೆ" ಅಂದ ಹಸನಬ್ಬ. "ಮೀನು ದಡಕ್ಕೆ ಬರುವ ಮೊದಲೇ ಅವರು ಹೊರಗಿನಿಂದಲೇ ಗೋರಿಕೊಂಡು ಹೋಗ್ತಾರೆ. ಇವರಿಗೆ ಉಳಿಯುವುದು ಎಂತ? ಗಂಡಸರೆಲ್ಲ ಮಲ್ಪೆಗೆ ಹೋಗಿ ಬೋಟು ಹತ್ತಿದ್ದಾರೆ. ಇವರ ಮಕ್ಕಳೂ ಹತ್ತಿದ್ದಾರೆ."

'ಇವರ' ಎಂದು ಅವನು ತೋರಿಸಿದ್ದು ನೀರಿನಂಚಿನಲ್ಲಿ ನಿಂತಿದ್ದ ಒಬ್ಬರನ್ನು. ಗಿಡ್ಡ ಆಳು, ತಲೆಗೆ ಸುತ್ತಿದ ಬೈರಾಸು, ಕಪ್ಪು ಕಲ್ಲಿನ ಹಾಗಿನ ಮೈ. ಐತಪ್ಪ ಸಾಲಿಯಾನ್. ಈ ರಂಪಣಿಯ ಮುಖ್ಯಸ್ಥರು. ಅವರ ಕೈ ಮೇಲೆ ಹೋದರೆ ಎರಡೂ ಸಾಲು ನಿಲ್ಲುತ್ತದೆ, ಕೆಳಗೆ ಬಂದರೆ ಎಳೆಯುತ್ತದೆ.

"ಊರಿನವರು ಅವರಿಗೆ ಅಹಂಕಾರಿ ಅಂತಾರೆ" ಅಂದ ಹಸನಬ್ಬ. "ಬಲೆ ಮಾರಿ ಬೋಟಿಗೆ ಸೇರಿ ಅಂತ ಮಕ್ಕಳು ಹೇಳಿ ಹೇಳಿ ಸಾಕಾಯ್ತು. ಇವರು ಒಂದೇ ಮಾತು. ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು ಕೊಡಲು ಆಗುವವರೆಗೆ ಬಲೆ ಬೀಸ್ತೇನೆ. ಒಬ್ಬನೇ ಒಬ್ಬ ಪಾಲಿಲ್ಲದೆ ಹೋದ ದಿನ ಬಲೆ ಮಡಚಿ ಅಟ್ಟಕ್ಕೆ ಹಾಕ್ತೇನೆ. ಅಷ್ಟೇ."

"ಹೆಚ್ಚು ಸಿಕ್ಕಿದರೆ ಕೊಡಬಹುದು. ಸಿಗದಿದ್ದರೆ?"

"ಅದೇ ಈಗಿನ ಸಂಕಟ" ಅಂದ. "ಕಳೆದ ವಾರ ಅವರು ತಮ್ಮ ಪಾಲು ಒಡೆದು ಕೊಟ್ಟರಂತೆ. ಮನೆಗೆ ಖಾಲಿ ಕೈಯಲ್ಲಿ ಹೋದರು."

ಇದನ್ನು ಹೇಳುತ್ತಾ ಹೇಳುತ್ತಾ ಹಸನಬ್ಬ ಲುಂಗಿ ಮಡಚಿ ಕಟ್ಟಿ ಹಗ್ಗಕ್ಕೆ ಕೈ ಹಾಕಿಯೇ ಬಿಟ್ಟ. ಅವನಿಗೆ ಅದು ಚಿಕ್ಕಂದಿನ ಅಭ್ಯಾಸ. ನಾನು ಎರಡು ನಿಮಿಷ ಸುಮ್ಮನೆ ನಿಂತೆ. ಆಮೇಲೆ ನನಗೂ ಎಂತಾಯಿತೋ, ಚಪ್ಪಲಿ ಬದಿಗೆ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಸಾಲಿನ ಬಾಲದಲ್ಲಿ ನಿಂತುಕೊಂಡೆ.

ನಾನು ಹಗ್ಗ ಎಳೆದೆನೋ, ಹಗ್ಗ ನನ್ನನ್ನು ಎಳೆಯಿತೋ ಹೇಳುವುದು ಕಷ್ಟ. ನನ್ನ ಮುಂದೆ ಇದ್ದ ಹೆಂಗಸು ಒಮ್ಮೆ ತಿರುಗಿ ನೋಡಿ, "ಕೈಯಲ್ಲಿ ಎಳೆಯಬೇಡಿ ಭಟ್ರೇ, ಮೈಯಲ್ಲಿ ಎಳೆಯಿರಿ, ಹಿಂದಕ್ಕೆ ವಾಲಿ" ಅಂದರು. (ತುಳುವಿನಲ್ಲಿ. ಇಲ್ಲಿಯ ಮಾತು ಹೆಚ್ಚಿನವು ತುಳುವಿನವು, ಕನ್ನಡಕ್ಕೆ ತಂದದ್ದು ನಾನು.) ಹಿಂದಕ್ಕೆ ವಾಲಿದೆ. ಮರಳಲ್ಲಿ ಕೂತೆ. ಎಲ್ಲರೂ ನಕ್ಕರು. ಎದ್ದು ಮತ್ತೆ ಹಿಡಿದೆ. ತೆಂಗಿನ ನಾರಿನ ಹಗ್ಗ ಅಂಗೈಯ ಚರ್ಮ ತೆಗೆಯಿತು. ಚಾಕ್‌ಪೀಸು ಬಿಟ್ಟು ಇನ್ನೇನನ್ನೂ ಹೆಚ್ಚು ಹೊತ್ತು ಹಿಡಿಯದ ಕೈ ಅದು.

ಆದರೂ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಹೀಗೆ ಹೇಳಬಹುದು. ಎಲ್ಲರೂ ಒಟ್ಟಿಗೆ ಕೂಗಿ ಎಳೆಯುವಾಗ ಹಗ್ಗ ಒಂದು ಗೇಣು ಹಿಂದಕ್ಕೆ ಬರುತ್ತದಲ್ಲ, ಆ ಗೇಣಿನಲ್ಲಿ ನನ್ನದೂ ಒಂದು ಕೂದಲೆಳೆಯಷ್ಟು ಉಂಟು ಎಂದು ಅನ್ನಿಸಿತು. ತರಗತಿಯಲ್ಲಿ ಇಪ್ಪತ್ತು ವರ್ಷ ಕೂಗಿದ್ದೇನೆ. ಎಂತ ಹಿಂದಕ್ಕೆ ಬಂತು, ಎಂತ ಮುಂದಕ್ಕೆ ಹೋಯಿತು, ನನಗೆ ಇವತ್ತಿಗೂ ಗೊತ್ತಿಲ್ಲ.

ಬಿಸಿಲು ಇಳಿಯುವಾಗ ಬಲೆ ದಡಕ್ಕೆ ಬಂತು. ಎಲ್ಲರೂ ಬಗ್ಗಿ ನೋಡಿದರು.

ಬಂಗುಡೆಯ ಒಂದು ಸಣ್ಣ ರಾಶಿ. ಅಷ್ಟು ದೊಡ್ಡ ಬಲೆಗೆ ಅಷ್ಟು ಸಣ್ಣ ರಾಶಿ ನೋಡಲು ಸಂಕಟವಾಗುತ್ತಿತ್ತು. ಹಿಂದೆಲ್ಲ ಬುಟ್ಟಿ ಬುಟ್ಟಿ ಹೊತ್ತು ಸಾಕಾಗಿ, ಉಳಿದದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು ಎಂದು ಹಸನಬ್ಬ ಕಿವಿಯಲ್ಲಿ ಹೇಳಿದ.

ಐತಪ್ಪ ಸಾಲಿಯಾನರು ಪಾಲು ಮಾಡಲು ಕೂತರು. ಮೊದಲು ದೇವರ ಪಾಲು. ಆಮೇಲೆ ಬಲೆಯದ್ದು, ದೋಣಿಯದ್ದು. ಆಮೇಲೆ ಗಂಡ ಇಲ್ಲದ ಮನೆಗಳದ್ದು. ಆಮೇಲೆ ಎಳೆದವರದ್ದು. ಅವರ ಕೈ ರಾಶಿಯಿಂದ ಜನರ ಕಡೆಗೆ ಹೋಗುತ್ತಿತ್ತು, ಕಣ್ಣು ಮಾತ್ರ ರಾಶಿಯ ಮೇಲೇ ಇತ್ತು. ಸಾಕಾದೀತಾ ಇಲ್ಲವಾ? ಎಲ್ಲರಿಗೂ ಅದೇ ಚಿಂತೆ. ಹಸನಬ್ಬನಿಗೆ ಆರು ಸಿಕ್ಕಿತು. ಕೊನೆಗೆ ಅವರು ತೆಂಗಿನ ಗರಿಯ ಸೀಳಿಗೆ ಕಿವಿರಿನಿಂದ ಆರು ಬಂಗುಡೆ ಪೋಣಿಸಿ ಎದ್ದು ನನ್ನ ಮುಂದೆ ಹಿಡಿದರು.

ನಾನು ಎರಡು ಹೆಜ್ಜೆ ಹಿಂದೆ ಹೋದೆ.

"ಅಯ್ಯಯ್ಯೋ, ನನಗೆ ಎಂತಕ್ಕೆ?" ಅಂದೆ, ನಗುತ್ತಾ. "ನಾನು ಸುಮ್ಮನೆ ತಮಾಷೆಗೆ ಎಳೆದದ್ದು. ಬೇಡ ಬೇಡ."

ಐತಪ್ಪರ ಮುಖ ಇಳಿಯಿತು. ಕೋಪ ಅಲ್ಲ. ಕೋಪ ಆದರೆ ತಡೆದುಕೊಳ್ಳಬಹುದಿತ್ತು. ಕೈಯಲ್ಲಿದ್ದ ಮೀನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಕಡಿಮೆ ಆಯ್ತಾ ಭಟ್ರೇ?"

ಇಷ್ಟೇ ಕೇಳಿದ್ದು. ಮೆಲ್ಲ ಕೇಳಿದ್ದು. ಸುತ್ತ ನಿಂತವರು ತಮ್ಮ ತಮ್ಮ ಕೈಯಲ್ಲಿದ್ದ ಮೀನು ನೋಡಿಕೊಂಡರು. ಆಗ ನನಗೆ ತಿಳಿಯಿತು, ನಾನು ಎಂಥ ಮಾತು ಆಡಿಬಿಟ್ಟೆ ಎಂದು. ನಾನು ಬೇಡ ಅಂದರೆ ನನ್ನೊಬ್ಬನದ್ದೇ ಹೋಗುವುದಲ್ಲ. ಆರು ಬಂಗುಡೆ ಪಾಲೇ ಅಲ್ಲ ಎಂದು ಅಷ್ಟೂ ಜನರ ಮುಂದೆ ಹೇಳಿದ ಹಾಗೆ. ಹಗ್ಗಕ್ಕೆ ಕೈ ಹಾಕಿದ ಒಬ್ಬ ಪಾಲಿಲ್ಲದೆ ಹೋದ ಹಾಗೆ. ಅವರ ಬಲೆ ಅಟ್ಟ ಸೇರುವುದಕ್ಕೆ ನಾನೇ ಮುಹೂರ್ತ ಇಟ್ಟ ಹಾಗೆ.

ನಾವು ತಿನ್ನುವುದಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು ಎಂದು ನೀವು ಹೇಳಬಹುದು. ನನಗೂ ಹೊಳೆಯಿತು, ಬಾಯಿಯವರೆಗೂ ಬಂತು. "ನಮ್ಮಲ್ಲಿ ಇದನ್ನು..." ಅನ್ನುವಷ್ಟರಲ್ಲಿ ಐತಪ್ಪರೇ ಹೇಳಿದರು.

"ತಿನ್ನುವುದು ಬಿಡುವುದು ನಿಮ್ಮ ಮನೆಯ ಸಂಗತಿ. ನೀವು ಭಟ್ರು ಅಂತ ನನಗೆ ಗೊತ್ತಿಲ್ವಾ? ಎಳೆದದ್ದು ಹೌದಲ್ವಾ?"

ಎಳೆದದ್ದು ಹೌದು. ಅಂಗೈ ಉರಿಯುತ್ತಿತ್ತು, ಅದಕ್ಕಿಂತ ಬೇರೆ ಸಾಕ್ಷಿ ಬೇಕಾ? ಎರಡೂ ಕೈ ಮುಂದೆ ಮಾಡಿದೆ.

"ಕಡಿಮೆ ಎಂತ ಇಲ್ಲ ಐತಪ್ಪಣ್ಣ. ನನ್ನ ಪಾಲು ನನಗೆ ಕೊಡಿ" ಅಂದೆ.

ಕೊಟ್ಟರು. ತಲೆಯ ಬೈರಾಸು ತೆಗೆದು ಮುಖ ಒರೆಸಿಕೊಂಡರು. ರಾಶಿಯಲ್ಲಿ ಉಳಿದದ್ದು ಅವರ ಪಾಲು. ಅದೂ ಆರೇ ಇತ್ತು. ಅದನ್ನು ನೋಡಿ ಅವರು ಎದ್ದು ನಿಂತ ರೀತಿ ಉಂಟಲ್ಲ, ಅದಕ್ಕೆ ಯಾವ ಮಾತು ಹೊಂದುತ್ತದೆ? ಊರಿನವರು ಅಹಂಕಾರ ಎಂದದ್ದು ಅದನ್ನೇ ಇರಬೇಕು. ನಾನು ಕಾರ್ಕಳದಲ್ಲಿ ಹೇಳಿದ ಅಷ್ಟೂ ಮಾತಿನಲ್ಲಿ ಹುಡುಕಿದೆ. ಅಮಲೂ ಅಲ್ಲ, ಕೊಬ್ಬೂ ಅಲ್ಲ. ಎಲ್ಲರಿಗೂ ಸಲ್ಲಿಸಿ ಆದ ಮೇಲೆ ಒಬ್ಬ ಗಿಡ್ಡ ಮನುಷ್ಯ ಇದ್ದಕ್ಕಿಂತ ದೊಡ್ಡವನಾಗಿ ಕಂಡ, ಅಷ್ಟೇ. ಪೆರ್ಮೆ ಎಂದು ಹಳಬರು ಇದಕ್ಕೇ ಅಂದಿರಬೇಕು ಅನ್ನಿಸಿತು.

ಪೇಟೆಯ ರಸ್ತೆಗೆ ಬಂದ ಮೇಲೆ ಹಸನಬ್ಬ ಆಚೆ ಈಚೆ ನೋಡಿದ. "ಕೊಡು ಇಲ್ಲಿ ಮಾರಾಯ. ಇನ್ನು ಯಾರೂ ನೋಡುವುದಿಲ್ಲ. ನನ್ನ ಹೆಂಡತಿ ಹುಳಿ ಮಾಡ್ತಾಳೆ."

"ನಿನ್ನ ಪಾಲು ನಿನಗೆ ಉಂಟಲ್ಲ" ಅಂದೆ.

"ನೀನು ಇದನ್ನು ಎಂತ ಮಾಡ್ತಿ?"

"ಮನೆಗೆ ತಗೊಂಡು ಹೋಗ್ತೇನೆ."

"ನಿನಗೆ ಮರ್ಲಾ?" ಅಂದ. ಮರ್ಲು ಎಂದರೆ ತುಳುವಿನಲ್ಲಿ ಹುಚ್ಚು. ಇದ್ದರೂ ಇರಬಹುದು. ಆದರೆ ಜೀವನದಲ್ಲಿ ಮೊದಲ ಸಲ ಸಂಬಳದ ಪಟ್ಟಿಗೆ ಸಹಿ ಹಾಕದೆ, ಕೈಯಾರೆ ಎಳೆದು ಸಂಪಾದಿಸಿದ್ದನ್ನು ರಸ್ತೆ ಬದಿಯಲ್ಲಿ ಕಳ್ಳಮಾಲಿನ ಹಾಗೆ ದಾಟಿಸಲು ನನಗೆ ಮನಸ್ಸು ಬರಲಿಲ್ಲ. ಕಾಗದ ಬೇಕಾ ಎಂದು ಅಂಗಡಿಯಿಂದ ಹಳೆಯ ಪೇಪರು ತಂದ. ಅದನ್ನೂ ಬೇಡ ಅಂದೆ.

ಹೀಗೆ ನಾನು ಬಸ್ಸು ಹತ್ತಿದ್ದು.

ಕಂಡಕ್ಟರು ಟಿಕೇಟು ಹರಿಯುವುದನ್ನು ಬಿಟ್ಟು ನೋಡಿದ. "ಎಷ್ಟಕ್ಕೆ ಸಿಕ್ಕಿತು ಭಟ್ರೇ?" ಅಂದ.

"ಕ್ರಯಕ್ಕೆ ಅಲ್ಲ. ರಂಪಣಿಯಲ್ಲಿ ಎಳೆದದ್ದು. ಪಾಲು" ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ. (ಎರಡನೆಯ ಸಲ ಯಾರೂ ಕೇಳದಿದ್ದರೂ ಅಂದೆ.) ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರಲ್ಲಿ ಹಿರಿಯಳೊಬ್ಬಳು, "ಪಂಚೆಗೆ ತಾಗಿಸಬೇಡಿ ಮಾರಾಯ್ರೆ, ವಾಸನೆ ಹೋಗುವುದಿಲ್ಲ, ದೂರ ಹಿಡಿಯಿರಿ" ಎಂದು ಹೇಳಿಕೊಟ್ಟಳು. ಉದ್ಯಾವರದಲ್ಲಿ ನಮ್ಮ ಪರಿಚಯದ ಜೋಯಿಸರು ಹತ್ತಿದರು. ನಮಸ್ಕಾರಕ್ಕೆ ಕೈ ಎತ್ತಿದವರು ಬಂಗುಡೆ ಕಂಡು ಅರ್ಧದಲ್ಲೇ ಇಳಿಸಿದರು. ಉಡುಪಿಯವರೆಗೂ ಕಿಟಕಿಯ ಹೊರಗೇ ನೋಡಿದರು. ಆ ಕತ್ತಲಲ್ಲಿ ಅವರಿಗೆ ಎಂತ ಕಾಣುತ್ತಿತ್ತೋ ದೇವರೇ ಬಲ್ಲ.

ನನಗೆ ನಾಚಿಕೆ ಆಗಲಿಲ್ಲವಾ? ಆಗುತ್ತದೆ ಎಂದುಕೊಂಡಿದ್ದೆ. ಕಾಯುತ್ತಾ ನಿಂತೆ, ಬರಲೇ ಇಲ್ಲ. ಅದರ ಬದಲು ಎದೆಯ ಹತ್ತಿರ ಎಂತದೋ ಬೆಚ್ಚಗೆ ಉಬ್ಬಿ ಬಂತು. ನನ್ನ ಪುಸ್ತಕಕ್ಕೆ ಬಹುಮಾನ ಬಂದ ದಿನವೂ ಹಾಗೆ ಆಗಿರಲಿಲ್ಲ. ಆ ದಿನ ಶಾಲು ಹೊದೆಸಿದಾಗ ಮನಸ್ಸಿನೊಳಗೆ ಒಂದು ಸಣ್ಣ ಅನುಮಾನ ಇತ್ತು, ಇದಕ್ಕೆ ನಾನು ಯೋಗ್ಯನಾ ಎಂದು. ಈ ಆರು ಬಂಗುಡೆಯ ವಿಷಯದಲ್ಲಿ ಯಾವ ಅನುಮಾನವೂ ಇರಲಿಲ್ಲ.

ಇನ್ನು ಮನೆ. ಅಮ್ಮ.

ಗೇಟಿನ ಹತ್ತಿರ ಬರುವಾಗ ಮಾತ್ರ ಕಾಲು ಸ್ವಲ್ಪ ನಿಧಾನವಾಯಿತು. ಅಮ್ಮ ಜಗಲಿಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದರು. ಮೂಗು ಮೊದಲು ಎಚ್ಚೆತ್ತಿತು, ಆಮೇಲೆ ತಲೆ ಎತ್ತಿದರು.

"ಅಲ್ಲೇ ನಿಲ್ಲು" ಅಂದರು.

ನಿಂತೆ. ನಿಂತಲ್ಲಿಂದಲೇ ಎಲ್ಲ ಹೇಳಿದೆ. ಬಲೆ, ಹಗ್ಗ, ಸಣ್ಣ ರಾಶಿ, ಕಡಿಮೆ ಆಯ್ತಾ ಎಂದು ಕೇಳಿದ್ದು, ಒಂದೂ ಬಿಡದೆ. ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡೆ.

"ಕೈ ತೋರಿಸು" ಅಂದರು.

ಖಾಲಿ ಕೈ ತೋರಿಸಿದೆ. ದೂರದಿಂದಲೇ ದೀಪ ಎತ್ತಿ ಹಿಡಿದು ಅಂಗೈ ನೋಡಿದರು. ಚರ್ಮ ಎದ್ದಲ್ಲಿ ಕೆಂಪಾಗಿತ್ತು.

"ಅಷ್ಟು ಎಳೆದಿದ್ದಿ" ಅಂದರು. ಆಮೇಲೆ ಪಕ್ಕದ ಮನೆಯ ಕಡೆಗೆ ತಿರುಗಿ ಕೂಗಿದರು. ನಮಗೆ ಮನೆ ಬಾಡಿಗೆಗೆ ಕೊಟ್ಟವರ ಹೆಂಡತಿ ಸುಮತಿ ಕಾಮತ್ ಇರುವುದು ಅಲ್ಲಿ. ಅವರ ಮನೆಯಲ್ಲಿ ಮೀನು ನಡೆಯುತ್ತದೆ. ಅಮ್ಮ ಇಷ್ಟು ವರ್ಷ ಆ ಅಡಿಗೆಯ ವಾಸನೆ ಬಂದರೆ ಕಿಟಕಿ ಮುಚ್ಚಿದವರು.

"ಸುಮತೀ, ಒಂದು ಪಾತ್ರೆ ತಾ. ನಮ್ಮ ವಾಸು ರಂಪಣಿ ಎಳೆದು ಪಾಲು ತಂದಿದ್ದಾನೆ."

ಇದನ್ನು ಕೂಗಿ ಹೇಳಿದ ಸ್ವರ ಕೇಳಬೇಕಿತ್ತು. ನಾನು ಎಂ.ಎ.ಯಲ್ಲಿ ಪದಕ ತಂದಾಗ ಅಮ್ಮ "ಆಯ್ತು, ಊಟಕ್ಕೆ ಬಾ" ಅಂದವರು.

ಕಾಮತ್ ಮಾಮಿ ಸ್ಟೀಲಿನ ಬೋಗುಣಿ ತಂದರು. ಮೀನಿನ ಕಿವಿರು ಎತ್ತಿ ನೋಡಿದರು. "ಎಂಥ ತಾಜಾ ಮಾರಾಯ್ರೆ. ಈ ವರ್ಷ ಇಂಥದ್ದು ನೋಡಲಿಲ್ಲ" ಅಂದರು. "ಬದಲಿಗೆ ನಿಮಗೆ ಎಂತ ಕೊಡಲಿ?"

"ಎಂತ ಬೇಡ" ಅಂದದ್ದು ಅಮ್ಮ. "ದುಡಿದು ತಂದದ್ದು. ನೀವು ಉಣ್ಣಿ."

ಬಾವಿಕಟ್ಟೆಯಲ್ಲಿ ತಲೆಗೆ ನಾಲ್ಕು ಕೊಡ ನೀರು ಸುರಿದುಕೊಂಡ ಮೇಲೆಯೇ ನನಗೆ ಒಳಗೆ ಪ್ರವೇಶ. ಅದರಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ಆದರೆ ಊಟಕ್ಕೆ ಕೂತಾಗ ಅಮ್ಮ ಅಂಗೈಗೆ ತೆಂಗಿನೆಣ್ಣೆ ಹಚ್ಚಿದರು. "ಆ ಐತಪ್ಪನವರಿಗೆ ಮುಂದಿನ ಸಲ ಒಳ್ಳೆಯದು ಸಿಗಲಿ" ಅಂದರು. ಜೀವಮಾನದಲ್ಲಿ ಮೀನಿನ ಬುಟ್ಟಿಗೆ ದಾರಿ ಬಿಟ್ಟು ದೂರ ನಿಂತ ಹೆಂಗಸು ಬಲೆ ತುಂಬಲಿ ಎಂದು ದೇವರನ್ನು ಬೇಡಿದ್ದು ನನ್ನ ಕಿವಿಯಾರೆ ಕೇಳಿದೆ.

ಸೋಮವಾರ ಕಾಲೇಜು. ಸುದ್ದಿ ನನಗಿಂತ ಮೊದಲೇ ಸ್ಟಾಫ್‌ರೂಮಿಗೆ ಹೋಗಿ ಕೂತಿತ್ತು. (ಜೋಯಿಸರ ಮಗ ನಮ್ಮಲ್ಲೇ ಲೈಬ್ರರಿಯಲ್ಲಿದ್ದಾನೆ.) ಸಂಸ್ಕೃತದವರು ನನ್ನ ಕುರ್ಚಿಯಿಂದ ತಮ್ಮ ಕುರ್ಚಿ ಒಂದಡಿ ದೂರ ಸರಿಸಿಕೊಂಡರು. ಉಳಿದವರು ನಗುತ್ತಾ ಕಾಲೆಳೆದರು. ನಾನೂ ಸಂತೋಷದಿಂದ ಇಡೀ ಕಥೆ ಹೇಳಿದೆ. ಅಂಗೈ ತೋರಿಸಿದೆ. ಕೇಳದವರಿಗೂ ತೋರಿಸಿದೆ. ಇದಕ್ಕೆ ಜಂಬ ಎನ್ನುವುದಾದರೆ ಅನ್ನಿ, ನನ್ನ ತಕರಾರಿಲ್ಲ.

ಕಾಮರ್ಸಿನ ಸುವರ್ಣರು ಮಾತ್ರ ನಗಲಿಲ್ಲ. ಅವರ ಭಾವನದ್ದು ಮಲ್ಪೆಯಲ್ಲಿ ಪರ್ಸಿನ್ ಬೋಟು. ಸುವರ್ಣರು ಒಳ್ಳೆಯವರೇ. ಅವರ ಭಾವನೂ ಕಷ್ಟಪಟ್ಟು ಮೇಲೆ ಬಂದವರು, ಆ ಬೋಟಿನಿಂದ ಎಷ್ಟೋ ಮನೆಯ ಒಲೆ ಉರಿಯುತ್ತದೆ. ಅದನ್ನು ನಾನು ಅಲ್ಲ ಅನ್ನುವುದಿಲ್ಲ. ಆದರೆ ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದ ಮಾತು ನನಗೆ ಚುಚ್ಚಿತು.

"ಆರೇ ಆರು ಬಂಗುಡೆಗೆ ಇಷ್ಟು ಕಥೆಯಾ ಭಟ್ರೇ? ಅಷ್ಟು ಜನ, ಅಷ್ಟು ಹೊತ್ತು ಎಳೆದು ಆರು. ಆ ಮುದುಕನಿಗೆ ಸುಮ್ಮನೆ ಹಟ. ನಮ್ಮ ಭಾವನ ಬೋಟು ಒಮ್ಮೆ ಬಲೆ ಹಾಕಿದರೆ ಲಾರಿಗಟ್ಟಲೆ ಬರುತ್ತದೆ, ಗೊತ್ತುಂಟಾ?"

ಸ್ಟಾಫ್‌ರೂಮು ನನ್ನ ಕಡೆ ನೋಡಿತು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಿಮಗೆಲ್ಲ ಗೊತ್ತಿದ್ದದ್ದೇ. ಆ ಹೊತ್ತು ಬಂತು. ಐತಪ್ಪರ ಮುಖ ಕಣ್ಣ ಮುಂದೆ ಬಂತು, 'ಕಡಿಮೆ ಆಯ್ತಾ' ಎಂದು ಕೇಳಿದಾಗಿನ ಮುಖ. ಆದರೂ ಮೆಲ್ಲಗೇ ಕೇಳಿದೆ.

"ಸುವರ್ಣರೇ, ಬರುವ ಭಾನುವಾರ ನಾನು ಮಲ್ಪೆಗೆ ಬಂದು ನಿಮ್ಮ ಭಾವನ ಬಲೆಯ ಹಗ್ಗಕ್ಕೆ ಕೈ ಹಾಕ್ತೇನೆ. ನನಗೆ ಎಷ್ಟು ಬಂಗುಡೆ ಕೊಡ್ತಾರೆ?"